ಮನೆಯ ಮಿಲ್ಕ್‌ಶೇಕ್ ನೀರಾದರೆ, ಒಡೆದರೆ, ಕಹಿಯಾದರೆ: ದೋಷ ಹುಡುಕುವ ಬಗೆ

ಮಂಗಳೂರಿನ ಜ್ಯೂಸ್ ಅಂಗಡಿಯಲ್ಲಿ ಬಟರ್‌ಫ್ರೂಟ್ ಶೇಕೋ ಚಿಕ್ಕು ಶೇಕೋ ಕೇಳಿದರೆ ಚಮಚ ನಿಲ್ಲುವಷ್ಟು ದಪ್ಪದ್ದು ಬರುತ್ತದೆ. ಅದೇ ಹಣ್ಣು, ಅದೇ ಪ್ಯಾಕೆಟ್ ಹಾಲು ಮನೆಯ ಮಿಕ್ಸಿಗೆ ಬಿದ್ದರೆ ಮೇಲೆ ಎರಡು ಬೆರಳು ನೊರೆ, ಕೆಳಗೆ ಸಪ್ಪೆ ನೀರು. ಅಂಗಡಿಯವರು ಏನೋ ಪುಡಿ ಬೆರೆಸುತ್ತಾರೆ ಎಂಬ ಗುಮಾನಿ ಎಲ್ಲರಿಗೂ ಇದೆ. ಕೆಲವರು ಬೆರೆಸುತ್ತಲೂ ಇರಬಹುದು. ಆದರೆ ಒಳ್ಳೆಯ ಶೇಕಿನ ಗುಟ್ಟು ಹಾಕುವುದರಲ್ಲಿ ಇಲ್ಲ, ಒಂದು ವಸ್ತುವನ್ನು ಹಾಕದೇ ಇರುವುದರಲ್ಲಿದೆ. ಆ ವಸ್ತು ನೀರಿನ ಐಸ್.

ಶೇಕ್ ಕೆಟ್ಟಾಗ ಅಳತೆ ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತಪ್ಪು ಕಾಣಿಸಿದ್ದು ಯಾವಾಗ? ಮಿಕ್ಸಿ ತಿರುಗುವಾಗಲೇ ಕಂಡಿದ್ದರೆ ದೋಷ ಜಾರಿಗೆ ಹಾಕಿದ ಕ್ರಮದಲ್ಲಿದೆ. ಲೋಟಕ್ಕೆ ಸುರಿದ ಕೂಡಲೇ ಕಂಡಿದ್ದರೆ ತಂಪಿನ ಲೆಕ್ಕ ತಪ್ಪಿದೆ. ಐದು-ಹತ್ತು ನಿಮಿಷ ಕಳೆದ ಮೇಲೆ ಕಂಡಿದ್ದರೆ ಬಹುಮಟ್ಟಿಗೆ ಹಣ್ಣಿನದೇ ಕೆಲಸ. ಕಣ್ಣಿಗೆ ಏನೂ ಕಾಣದೆ ನಾಲಿಗೆಗೆ ಮಾತ್ರ ಗೊತ್ತಾಗುತ್ತಿದ್ದರೆ ಕೊಬ್ಬನ್ನೋ ಫ್ರೀಜರನ್ನೋ ಹಿಡಿಯಬೇಕು.

ಹೋಲಿಕೆಗೊಂದು ಅಳತೆ

ಕೆಟ್ಟದ್ದು ಎಲ್ಲಿ ಕೆಟ್ಟಿತೆಂದು ತಿಳಿಯಲು ಸರಿಯಾದದ್ದೊಂದು ಎದುರಿಗಿರಬೇಕು. ಎರಡು ದೊಡ್ಡ ಲೋಟಕ್ಕೆ ಹೀಗೆ: ಸಿಪ್ಪೆ, ಬೀಜ ತೆಗೆದು ತುಂಡು ಮಾಡಿ ಫ್ರೀಜರಿನಲ್ಲಿಟ್ಟ ಹಣ್ಣು 200 ಗ್ರಾಂ. ಐಸ್ ಮಾಡಿದ ಹಾಲು 200 ಗ್ರಾಂ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲು 100 ಮಿ.ಲೀ. ಸಕ್ಕರೆ 25 ಗ್ರಾಂ, ಅಂದರೆ ಎರಡು ದೊಡ್ಡ ಚಮಚ, ಒಣ ಜಾರಿನಲ್ಲಿ ಪುಡಿ ಮಾಡಿದ್ದು. ಒಂದು ಚಿಟಿಕೆ ಉಪ್ಪು. ಇನ್ನೂ ದಪ್ಪ ಬೇಕೆನ್ನುವವರು ಒಂದು ದೊಡ್ಡ ಚಮಚ ಹಾಲಿನ ಪುಡಿ ಸೇರಿಸಬಹುದು, ಅದಕ್ಕಿಂತ ಹೆಚ್ಚು ಹಾಕಿದರೆ ಪುಡಿಯದ್ದೇ ರುಚಿ.

ಹಾಲನ್ನು ಐಸ್ ಮಾಡುವಾಗ ಅರ್ಧ ಲೀಟರಿನ ಪ್ಯಾಕೆಟನ್ನು ನಿಲ್ಲಿಸಿಡಬೇಡಿ. ತಟ್ಟೆಯ ಮೇಲೆ ಮಲಗಿಸಿ ರಾತ್ರಿಯಿಡೀ ಬಿಡಿ. ತೆಳು ಹಲಗೆಯಂತೆ ಕಟ್ಟುತ್ತದೆ. ಬೆಳಿಗ್ಗೆ ದಪ್ಪ ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ನಾಲ್ಕು ಪೆಟ್ಟು ಕೊಟ್ಟರೆ ಚೂರಾಗುತ್ತದೆ. ನಿಲ್ಲಿಸಿಟ್ಟ ಪ್ಯಾಕೆಟ್ ಇಟ್ಟಿಗೆಯಾಗಿ, ಮಿಕ್ಸಿಯ ಬ್ಲೇಡ್ ಮುರಿಯುವ ಹಂತಕ್ಕೆ ತರುತ್ತದೆ. ಪ್ಯಾಕೆಟ್ ಹಾಲು ಪಾಶ್ಚೀಕರಿಸಿದ್ದೇ ಆದರೂ ಅಂಗಡಿಯ ಜಗಲಿಯಲ್ಲಿ ಬಿಸಿಲು ಕಂಡಿರಬಹುದೆಂಬ ಸಂಶಯವಿದ್ದರೆ ಕುದಿಸಿ, ಪೂರ್ತಿ ಆರಿಸಿ, ಕೆನೆಯನ್ನು ಸೋಸಿ ಐಸ್ ಟ್ರೇಗೆ ಸುರಿಯಿರಿ. ಸ್ಟ್ರಾಗೆ ಸಿಕ್ಕಿಕೊಳ್ಳುವ ತೆಳು ಎಳೆಗಳು ಸೋಸದೆ ಬಿಟ್ಟ ಆ ಕೆನೆಯವು.

ಯಾವ ಹಾಲು ಎಂಬುದೂ ಮುಖ್ಯ. ನಂದಿನಿಯಲ್ಲಿ ನೀಲಿ ಪ್ಯಾಕೆಟಿನ ಟೋನ್ಡ್ ಹಾಲಿಗೆ ಕೊಬ್ಬು ಶೇಕಡ 3, ಶುಭಂಗೆ 4.5, ಸಮೃದ್ಧಿಗೆ 6. ಬಾಳೆಹಣ್ಣು, ಬಟರ್‌ಫ್ರೂಟ್‌ಗೆ ನೀಲಿ ಪ್ಯಾಕೆಟೇ ಸಾಕು, ಆ ಹಣ್ಣುಗಳಿಗೆ ತಮ್ಮದೇ ಮೈಯಿದೆ. ಮಾವು, ಪಪ್ಪಾಯಿಗೆ ಶುಭಂ ಬೇಕು. ಸಮೃದ್ಧಿ ಹಾಕುವವರು ಬೆಣ್ಣೆಯ ಭಾಗವನ್ನು ಕೆಳಗೆ ಓದಿಕೊಂಡು ಹಾಕಿ.

ಹದ ಹೇಳಬೇಕೆಂದರೆ, ಚಮಚದಿಂದ ಎತ್ತಿ ಬಿಟ್ಟಾಗ ಉದ್ದಿನದೋಸೆ ಹಿಟ್ಟಿನಂತೆ ಬೀಳಬೇಕು. ನೀರುದೋಸೆ ಹಿಟ್ಟಿನಂತೆ ಬಿದ್ದರೆ ಅದು ಶೇಕ್ ಅಲ್ಲ, ಹಣ್ಣು ಹಾಕಿದ ಹಾಲು.

ಸುರಿದ ಕೂಡಲೇ ನೀರು

ದೂರುಗಳಲ್ಲಿ ಮುಕ್ಕಾಲು ಪಾಲು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲ ಕಾರಣ ಆಗಲೇ ಹೇಳಿದ ನೀರಿನ ಐಸ್. ಎಂಟು ಐಸ್ ತುಂಡು ಹಾಕಿದಿರಿ ಅಂದರೆ ಹೆಚ್ಚುಕಡಿಮೆ ಅರ್ಧ ಲೋಟ ನೀರು ಹಾಕಿದಿರಿ; ಈಗ ಕಾಣದು, ಕುಡಿಯುವ ಹೊತ್ತಿಗೆ ಕಾಣುತ್ತದೆ. ಐಸ್ ಹಾಲು ಕರಗಿದರೂ ಹಾಲೇ ಆಗುತ್ತದೆ. ಶಾರ್ಜಾ ಎಂಬ ಹೆಸರಿನಲ್ಲಿ ಕಾಸರಗೋಡಿನಿಂದ ಈಚೆಗೆಲ್ಲ ಸಿಗುವ ಬಾಳೆಹಣ್ಣಿನ ಶೇಕ್ ದಪ್ಪವಾಗಿರುವುದು ಇದೇ ಐಸ್ ಹಾಲಿನಿಂದ.

ಎರಡನೆಯದು ಹಣ್ಣಿನ ಬಿಸಿ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯ ಬುಟ್ಟಿಯಲ್ಲಿರುವ ಮಾವಿನಹಣ್ಣು 30 ಡಿಗ್ರಿಗಿಂತ ಕಡಿಮೆ ಇರುವುದಿಲ್ಲ. ಅಂಥ 200 ಗ್ರಾಂ ಹಣ್ಣು ಸೊನ್ನೆ ಡಿಗ್ರಿಗೆ ಇಳಿಯಬೇಕಾದರೆ ಸುಮಾರು 65 ಗ್ರಾಂ ಐಸ್ ಕರಗಲೇಬೇಕು. ಅಂದರೆ ನೀವು ಹಾಕಿದ ಐಸ್ ಹಾಲಿನ ಮೂರನೇ ಒಂದು ಪಾಲು ಹಣ್ಣನ್ನು ತಣಿಸುವುದಕ್ಕೇ ಖರ್ಚು. ಹಣ್ಣು ಫ್ರೀಜರಿನಿಂದಲೇ ಬಂದರೆ ಈ ಖರ್ಚಿಲ್ಲ. ಸಮಯವಿಲ್ಲದಿದ್ದರೆ ಹೆಚ್ಚಿದ ತುಂಡುಗಳನ್ನು ಅಗಲ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಒಂದು ಗಂಟೆ ಫ್ರೀಜರಿನಲ್ಲಿಡಿ. ಪೂರ್ತಿ ಕಟ್ಟದಿದ್ದರೂ ಬಿಸಿ ಹೋಗಿರುತ್ತದೆ.

ಮೂರನೆಯದು ಮಿಕ್ಸಿಯೇ. ಅದು ಅರೆಯುವುದರ ಜೊತೆಗೆ ಬಿಸಿಯನ್ನೂ ಮಾಡುತ್ತದೆ. 500 ವ್ಯಾಟ್ ಎಳೆಯುವ ಮಿಕ್ಸಿಯನ್ನು ಒಂದು ನಿಮಿಷ ಓಡಿಸಿದಿರಿ ಎನ್ನಿ. ಅದರ ಅರ್ಧ ಶಕ್ತಿ ಜಾರಿನೊಳಗೆ ಇಳಿದರೂ 45 ಗ್ರಾಂನಷ್ಟು ಐಸ್ ಕರಗಿತು. ನುಣ್ಣಗಾಗಲೆಂದು ಎರಡು-ಮೂರು ನಿಮಿಷ ಓಡಿಸುವವರ ಶೇಕ್ ನೀರಾಗದೆ ಇನ್ನೇನಾದೀತು? ಒಟ್ಟು ಓಟ 40 ಸೆಕೆಂಡಿನೊಳಗೆ ಮುಗಿಯಬೇಕು. ಅದಕ್ಕೆ ಒಂದೇ ಉಪಾಯವೆಂದರೆ ಕೆಲಸವನ್ನು ಎರಡು ಪಾಲು ಮಾಡುವುದು: ಮೊದಲು ಹಣ್ಣಿನ ಕಾಲು ಪಾಲು, ಸಕ್ಕರೆ, ಉಪ್ಪು, ತಣ್ಣನೆಯ ಹಾಲು ಮಾತ್ರ ಹಾಕಿ ಪೂರ್ತಿ ನುಣ್ಣಗೆ ಮಾಡಿ. ಆಮೇಲೆ ಉಳಿದ ಹಣ್ಣು, ಐಸ್ ಹಾಲು ಸೇರಿಸಿ ಬಿಟ್ಟು ಬಿಟ್ಟು ತಿರುಗಿಸಿ.

ಲೋಟವೂ ಒಂದಿಷ್ಟು ತಂಪು ಕದಿಯುತ್ತದೆ. ಹತ್ತು ನಿಮಿಷ ಫ್ರೀಜರಿನಲ್ಲಿಟ್ಟ ಲೋಟಕ್ಕೆ ಸುರಿಯಿರಿ.

ಐಸ್‌ಕ್ರೀಂ ಹಾಕಿದರೂ ನೀರಾಯಿತು ಎನ್ನುವವರು ಡಬ್ಬಿಯನ್ನು ತಿರುಗಿಸಿ ಓದಬೇಕು. ನಿಯಮದ ಪ್ರಕಾರ ಐಸ್‌ಕ್ರೀಂ ಎಂದು ಕರೆಸಿಕೊಳ್ಳಲು ಶೇಕಡ 10 ಹಾಲಿನ ಕೊಬ್ಬು, ಲೀಟರಿಗೆ ಕನಿಷ್ಠ 525 ಗ್ರಾಂ ತೂಕ ಇರಬೇಕು. ಲೀಟರಿಗೆ 525 ಗ್ರಾಂ ಎಂದರೆ ಹೆಚ್ಚುಕಡಿಮೆ ಅರ್ಧ ಗಾಳಿ. ಮಿಕ್ಸಿಯಲ್ಲಿ ಆ ಗಾಳಿ ಹೋದರೆ ಉಳಿಯುವುದು ಕಣ್ಣಿಗೆ ಕಂಡದ್ದರ ಅರ್ಧ. ಆದ್ದರಿಂದ ಸ್ಕೂಪ್ ಎಣಿಸದೆ ತೂಕ ನೋಡಿ ಹಾಕಿ, ಎರಡು ಲೋಟಕ್ಕೆ 80ರಿಂದ 100 ಗ್ರಾಂ, ಅಷ್ಟೇ ತೂಕದ ಐಸ್ ಹಾಲನ್ನು ಕಡಿಮೆ ಮಾಡಿ. ಡಬ್ಬಿಯ ಮೇಲೆ ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿರುವುದು ಸಸ್ಯದ ಕೊಬ್ಬು. ಶೇಕ್ ಕೆಡುವುದಿಲ್ಲ, ಆದರೆ ಬಾಯಲ್ಲಿ ಜಿಡ್ಡು ಉಳಿಯುತ್ತದೆ.

ಮೇಲೆ ನೊರೆ, ಕೆಳಗೆ ತಿಳಿ

ಕೊಬ್ಬು ಕಡಿಮೆ ಇರುವ ತಣ್ಣನೆಯ ಹಾಲು ಬಹಳ ನೊರೆ ಕಟ್ಟುತ್ತದೆ. ದೊಡ್ಡ ಜಾರಿನಲ್ಲಿ ಕಾಲು ಭಾಗ ಮಾತ್ರ ತುಂಬಿದ್ದರೆ ಬ್ಲೇಡ್ ಹಾಲಿಗಿಂತ ಗಾಳಿಯನ್ನೇ ಹೆಚ್ಚು ಕಡೆಯುತ್ತದೆ. ಜಾರು ಅರ್ಧದಿಂದ ಮೂರನೇ ಎರಡರಷ್ಟು ತುಂಬುವಂತೆ ಅಳತೆ ಆರಿಸಿ. ಒಂದೇ ಲೋಟ ಮಾಡುವುದಾದರೆ ನಡುವಿನ ಜಾರು ತೆಗೆದುಕೊಳ್ಳಿ.

ಮಿಕ್ಸಿ ಅಳುತ್ತಿದೆ

ಸದ್ದು ಬದಲಾಗುವುದನ್ನು ಕೇಳಿ ದೋಷ ಹೇಳಬಹುದು.

ಸದ್ದು ಇದ್ದಕ್ಕಿದ್ದಂತೆ ಹಗುರಾಗಿ ಕೀರಲಾದರೆ ಬ್ಲೇಡಿನ ಸುತ್ತ ಗುಳಿ ಬಿದ್ದಿದೆ: ತುಂಡುಗಳೆಲ್ಲ ಗೋಡೆಗೆ ಅಂಟಿ ಕೂತಿವೆ, ಬ್ಲೇಡ್ ಖಾಲಿ ಜಾಗದಲ್ಲಿ ಸುತ್ತುತ್ತಿದೆ. ಇನ್ನಷ್ಟು ವೇಗ ಕೊಟ್ಟರೆ ಪ್ರಯೋಜನವಿಲ್ಲ. ನಿಲ್ಲಿಸಿ, ಸ್ವಿಚ್ಚಿನಿಂದ ಪ್ಲಗ್ ತೆಗೆದು, ಮರದ ಸಟ್ಟುಗದಿಂದ ಕೆಳಗೆ ತಳ್ಳಿ, ಎರಡು ದೊಡ್ಡ ಚಮಚ ತಣ್ಣನೆಯ ಹಾಲು ಬಿಟ್ಟು ಪಲ್ಸ್ ಕೊಡಿ. ದ್ರವ ಯಾವಾಗಲೂ ಮೊದಲು, ಗಟ್ಟಿ ತುಂಡು ಕೊನೆಗೆ. ಈ ಕ್ರಮ ತಿರುವುಮುರುವಾದಾಗಲೇ ಗುಳಿ ಬೀಳುವುದು.

ಸದ್ದು ಭಾರವಾಗಿ ಗುಂಯ್‌ಗುಟ್ಟಿ ನಿಂತರೆ ಹೊರೆ ಹೆಚ್ಚಾಯಿತು. ಹೆಚ್ಚಿನ ಮಿಕ್ಸಿಗಳ ತಳದಲ್ಲಿ ಕೆಂಪು ಗುಂಡಿಯೊಂದಿರುತ್ತದೆ. ಐದು ನಿಮಿಷ ತಣಿಯಲು ಬಿಟ್ಟು ಅದನ್ನು ಒತ್ತಿದರೆ ಮತ್ತೆ ಹೊರಡುತ್ತದೆ. 500 ವ್ಯಾಟಿನ ಮಿಕ್ಸಿಗೆ ಮೇಲಿನ ಅಳತೆಯನ್ನು ಎರಡು ಪಾಲು ಮಾಡಿ ಹಾಕುವುದೇ ಒಳ್ಳೆಯದು, ಮತ್ತು ಫ್ರೀಜರಿನಿಂದ ತೆಗೆದ ತುಂಡುಗಳನ್ನು ನಾಲ್ಕೈದು ನಿಮಿಷ ಹೊರಗೆ ಬಿಟ್ಟು ಹಾಕಬೇಕು. ಹೊರಮೈ ಬೆವರಿದಂತೆ ಕಂಡರೆ ಸಾಕು.

ಮೋಟಾರ್ ಓಡುತ್ತಿದೆ, ಬ್ಲೇಡ್ ತಿರುಗುತ್ತಿಲ್ಲ ಎಂದಾದರೆ ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರಿನ ಹಲ್ಲು ಸವೆದಿದೆ. ಜಾರಿನ ತಳದಲ್ಲಿ ಬೂದುಗಪ್ಪು ಎಣ್ಣೆನೀರು ಒಸರಿದ್ದರೆ ಬ್ಲೇಡಿನ ಕಡ್ಡಿಯನ್ನು ಹಿಡಿದಿರುವ ಬುಷ್ ಹೋಗಿದೆ. ಅದು ಒಳಗೂ ಇಳಿದಿರುತ್ತದೆ. ಶೇಕನ್ನು ಚೆಲ್ಲಿ, ಜಾರನ್ನು ರಿಪೇರಿಗೆ ಕೊಡಿ.

ಹಲ್ಲಿಗೆ ಸಿಗುವ ಹರಳು

ಕಲ್ಲುಸಕ್ಕರೆಯಂತೆ ಕರಕರ ಎನ್ನುವ ಹರಳು ಎರಡು ಬಗೆ. ಬಾಯಲ್ಲಿಟ್ಟರೆ ಸಿಹಿಯಾಗಿ ಕರಗಿದರೆ ಅದು ಸಕ್ಕರೆ. ತಣ್ಣನೆಯ ಹಾಲಿನಲ್ಲಿ 40 ಸೆಕೆಂಡಿಗೆ ಕರಗುವುದಿಲ್ಲ, ಅದಕ್ಕೇ ಪುಡಿ ಮಾಡಬೇಕೆಂದದ್ದು. ಸಪ್ಪೆಯಾಗಿ ಕರಗಿದರೆ ಐಸ್.

ಹಣ್ಣು ನಿಧಾನವಾಗಿ ಕಟ್ಟಿದಷ್ಟೂ ಹರಳು ದೊಡ್ಡದಾಗುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಬೆರಳುದಪ್ಪ ಮಂಜು ಕೂತಿದ್ದರೆ ಅದು ಹಣ್ಣನ್ನು ಬೇಗ ಕಟ್ಟಿಸದು. ಮಂಜು ಇಳಿಸಿ, ತುಂಡುಗಳನ್ನು ರಾಶಿ ಹಾಕದೆ ಹರಡಿ. ಇನ್ನೊಂದು ಕಾರಣ ಮಳೆಗಾಲದ್ದು. ಗಾಳಿಮಳೆಗೆ ಕರೆಂಟ್ ಹೋಗಿ ನಾಲ್ಕೈದು ಗಂಟೆಯ ಮೇಲೆ ಬಂದರೆ ಫ್ರೀಜರಿನ ಹಣ್ಣು ಅರ್ಧ ಕರಗಿ ಮತ್ತೆ ಕಟ್ಟುತ್ತದೆ, ಆಗ ಸಣ್ಣ ಹರಳುಗಳೆಲ್ಲ ಸೇರಿ ದೊಡ್ಡವಾಗುತ್ತವೆ. ಮನೆಯಲ್ಲಿಲ್ಲದಾಗ ಹೀಗಾಯಿತೋ ಎಂದು ತಿಳಿಯಲು ಬಟ್ಟಲಿನಲ್ಲಿ ನೀರು ಐಸ್ ಮಾಡಿ ಮೇಲೊಂದು ನಾಣ್ಯ ಇಟ್ಟಿರಿ. ನಾಣ್ಯ ತಳಕ್ಕೆ ಇಳಿದಿದ್ದರೆ ಐಸ್ ಪೂರ್ತಿ ಕರಗಿತ್ತು ಎಂದರ್ಥ. ಆಗ ಫ್ರೀಜರಿನಲ್ಲಿದ್ದ ಐಸ್ ಹಾಲನ್ನು ಶೇಕಿಗೆ ಬಳಸಬೇಡಿ. ಹರಳಿನ ವಿಷಯ ಹಾಗಿರಲಿ, ಎಷ್ಟು ಹೊತ್ತು ಬಿಸಿಯಲ್ಲಿತ್ತು ಎಂದು ಹೇಳಲಾಗದ ಹಾಲು ಅದು.

ಹೊತ್ತು ಕಳೆದಂತೆ ಒಡೆಯುವುದು, ಕಹಿಯಾಗುವುದು

ಇಲ್ಲಿ ಎರಡು ಬೇರೆ ದೋಷಗಳನ್ನು ಒಂದೇ ಎಂದು ತಿಳಿಯುವವರೇ ಹೆಚ್ಚು.

ಹುಳಿಯಿಂದ ಒಡೆಯುವುದು ಒಂದು. ಪ್ಯಾಶನ್ ಫ್ರೂಟ್, ಹುಳಿ ಇರುವ ಮಾವು, ಕಿತ್ತಳೆ ಇವು ಹಾಲಿನ ಪಿಎಚ್ಚನ್ನು, ಅಂದರೆ ಹುಳಿಯ ಅಳತೆಯನ್ನು, 4.6ರ ಹತ್ತಿರಕ್ಕೆ ಇಳಿಸಿದರೆ ಹಾಲು ಮೊಸರಿನಂತೆ ಕಟ್ಟುತ್ತದೆ. ಹಾಲು, ಹಣ್ಣು ಎರಡೂ ತೀರಾ ತಣ್ಣಗಿದ್ದರೆ ಒಡೆಯುವುದು ನಿಧಾನ, ಕುಡಿದು ಮುಗಿಸುವಷ್ಟು ಹೊತ್ತು ಸಿಗುತ್ತದೆ. ನಮ್ಮ ಮುಂಡಪ್ಪ ಮಾವು ಚೆನ್ನಾಗಿ ಹಣ್ಣಾಗಿದ್ದರೆ ತೊಂದರೆಯಿಲ್ಲ. ಕಾಟು (ಕಾಡು) ಮಾವನ್ನು ಮಾತ್ರ ಬಿಡಿ. ಅದರ ಹುಳಿ ಹಾಲನ್ನು ಒಡೆಯುತ್ತದೆ, ನಾರು ಬ್ಲೇಡಿಗೆ ಸುತ್ತುತ್ತದೆ. ಅದು ಸಾಸಿವೆ ಎಂಬ ಮೇಲೋಗರಕ್ಕೆಂದೇ ಹುಟ್ಟಿದ ಹಣ್ಣು.

ಇನ್ನೊಂದು ಕಿಣ್ವದ ಕೆಲಸ, ಇದರಲ್ಲಿ ಹುಳಿಯ ಪಾತ್ರ ಕಡಿಮೆ. ಅನಾನಸಿನಲ್ಲಿ ಬ್ರೊಮೆಲಿನ್, ಪಪ್ಪಾಯಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್. ಮೂರೂ ಹಾಲಿನ ಪ್ರೋಟೀನನ್ನು ತುಂಡರಿಸುತ್ತವೆ. ಮೊದಲ ಗುಟುಕು ಸೊಗಸಾಗಿರುತ್ತದೆ, ಕಾಲು ಗಂಟೆ ಕಳೆದರೆ ಕಹಿ. ಆ ಕಹಿ ಹಣ್ಣಿನಿಂದ ಬಂದದ್ದಲ್ಲ, ತುಂಡಾದ ಪ್ರೋಟೀನಿನದು. ಸಕ್ಕರೆ ಸುರಿದರೆ ಹೋಗುವುದಿಲ್ಲ. ಫ್ರೀಜರಿನಲ್ಲಿಟ್ಟರೂ ಕಿಣ್ವ ಸಾಯುವುದಿಲ್ಲ, ಮಲಗುತ್ತದೆ ಅಷ್ಟೇ. ಕರಗಿದ ಮೇಲೆ ಎದ್ದು ಕೆಲಸ ಹಿಡಿಯುತ್ತದೆ. ಅದನ್ನು ಅಡಗಿಸುವುದು ಬಿಸಿ. 200 ಗ್ರಾಂ ಅನಾನಸಿನ ಸಣ್ಣ ತುಂಡುಗಳಿಗೆ ಶೇಕಿನ ಸಕ್ಕರೆಯನ್ನೇ ಸೇರಿಸಿ, ಮುಚ್ಚಿ, ರಸ ಬಿಟ್ಟು ಕುದಿಯಲು ಶುರುವಾದ ಮೇಲೆ ಐದು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಫ್ರೀಜರಿಗೆ. ಅನಾನಸು ಗೊಜ್ಜಿನ ವಾಸನೆ ಬರಬಾರದೆಂದರೆ ಬೆಲ್ಲ ಮುಟ್ಟಬೇಡಿ. ಡಬ್ಬಿಯ ಅನಾನಸು ಆಗಲೇ ಬೆಂದದ್ದು, ನೇರ ಹಾಕಬಹುದು.

ಪಪ್ಪಾಯಿಯನ್ನು ಬೇಯಿಸುವುದು ಯಾರಿಗೂ ಇಷ್ಟವಾಗದು. ಕಾಯಿಯಲ್ಲಿ ಪಪೈನ್ ಹೆಚ್ಚು, ಪೂರ್ತಿ ಹಣ್ಣಾದಂತೆ ಕಡಿಮೆ. ಹಾಗಾಗಿ ಸಿಪ್ಪೆಯಲ್ಲಿ ಹಸಿರು ಉಳಿಯದ ಹಣ್ಣು ತೆಗೆದುಕೊಂಡು, ಸಿಪ್ಪೆಯ ಕೆಳಗಿನ ತಿಳಿ ಭಾಗವನ್ನು ದಪ್ಪವಾಗಿ ಹೆರೆದು, ಬೀಜದ ಸುತ್ತಲಿನ ಪೊರೆ ಕೆರೆದು ತೆಗೆಯಿರಿ. ಮಾಡಿದ ಕೂಡಲೇ ಕುಡಿಯಿರಿ. ನೆಂಟರು ಬರುವ ಮೊದಲೇ ಮಾಡಿಡುವ ಶೇಕ್ ಇದಲ್ಲ.

ಬಟರ್‌ಫ್ರೂಟ್ ಮಾಡಿದ ತಕ್ಷಣವೇ ಕಹಿಯಾಗಿದ್ದರೆ ಕಾರಣ ಬೇರೆ: ಹಣ್ಣು ಬಲಿಯುವ ಮೊದಲೇ ಕುಯ್ದದ್ದು, ಅಥವಾ ಬೀಜದ ಮೇಲಿನ ಕಂದು ಪೊರೆ ಸೇರಿದೆ. ಕೊಡಗಿನಿಂದ ಇಳಿದು ಬರುವ ಹಣ್ಣು ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ. ಅದನ್ನು ಗಟ್ಟಿ ಇರುವಾಗಲೇ ಫ್ರಿಜ್ಜಿಗೆ ಹಾಕಿದರೆ ಹಣ್ಣಾಗದೆ ರಬ್ಬರಿನಂತೆ ಉಳಿದು, ಒಳಗೆ ಕಪ್ಪು ನಾರು ಬರುತ್ತದೆ. ಅಕ್ಕಿ ಡಬ್ಬಿಯಲ್ಲಿ ಒಂದು ಬಾಳೆಹಣ್ಣಿನ ಜೊತೆ ಎರಡು-ಮೂರು ದಿನ ಇಡಿ, ತೊಟ್ಟಿನ ಬಳಿ ಹೆಬ್ಬೆರಳಿಗೆ ಮೆತ್ತಗಾದ ಮೇಲೆ ತಿರುಳು ತೆಗೆಯಿರಿ. 200 ಗ್ರಾಂ ತಿರುಳಿಗೆ ಒಂದು ಸಣ್ಣ ಚಮಚ ಲಿಂಬೆರಸ ಸವರಿ ಫ್ರೀಜರಿಗಿಟ್ಟರೆ ಕಪ್ಪಾಗುವುದಿಲ್ಲ. ಅಷ್ಟು ಲಿಂಬೆಗೆ ಹಾಲು ಒಡೆಯುವುದೂ ಇಲ್ಲ.

ಗಂಟಲು ಹಿಡಿಯುವ ಚಿಕ್ಕು, ಹಿಟ್ಟಾಗುವ ಬಾಳೆ

ಚಿಕ್ಕು ಶೇಕ್ ಕುಡಿದು ತುಟಿ ಅಂಟಿದರೆ, ಗಂಟಲು ಬಿಗಿದರೆ ಅದು ಕಾಯಿಯ ಮೇಣ ಮತ್ತು ಒಗರು. ಹತ್ತು ಹಣ್ಣಿನಲ್ಲಿ ಒಂದು ಅರೆಗಾಯಿ ಸೇರಿದರೂ ಜಾರಿಡೀ ಕೆಟ್ಟಿತು. ಉಗುರಿನಿಂದ ಸಿಪ್ಪೆ ಗೀರಿದಾಗ ಒಳಗೆ ಹಸಿರು ಕಂಡರೆ ಬದಿಗಿಡಿ. ಬೀಜ ಎಣಿಸಿ ತೆಗೆಯಿರಿ, ಅದರ ತುದಿಯಲ್ಲಿ ಕೊಕ್ಕೆ ಇದೆ.

ಬಾಳೆಯಲ್ಲಿ ಸಿಪ್ಪೆ ಚುಕ್ಕೆಯಾದ ಕದಳಿ ಪರಿಮಳಕ್ಕೆ, ಪಚ್ಚಬಾಳೆ ದಪ್ಪಕ್ಕೆ. ನೇಂದ್ರದಲ್ಲಿ ಪಿಷ್ಟ ಜಾಸ್ತಿ; ಚಿಪ್ಸಿಗೆ ರಾಜನಾದರೂ ಶೇಕಿನಲ್ಲಿ ಹಸಿ ಹಿಟ್ಟಿನ ರುಚಿ ಬಿಡುತ್ತದೆ, ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಕಾಯದಿದ್ದರೆ.

ನಾಲಿಗೆಗೆ ಮೇಣ, ಅಂಚಿಗೆ ಬೆಣ್ಣೆ

ಹಾಲು ಬಿಟ್ಟು ತೆಂಗಿನಹಾಲಿನಲ್ಲಿ ಮಾಡುವವರ ದೂರು ಇದು: ರುಚಿ ಚೆನ್ನ, ಆದರೆ ಅಂಗುಳಕ್ಕೆ ಮೇಣ ಬಳಿದಂತೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ನೋಡುವುದನ್ನೇ ಇಲ್ಲಿ ಐಸಿನ ಜೊತೆ ನೋಡುತ್ತಿದ್ದೇವೆ. ದಪ್ಪ ಹಾಲು 100 ಮಿ.ಲೀ. ಮೀರಬಾರದು, ಉಳಿದದ್ದು ಎರಡನೆಯ ಹಾಲು. ದಪ್ಪಕ್ಕೆ ಬೊಂಡದ, ಅಂದರೆ ಎಳನೀರಿನ, ಗಂಜಿಯನ್ನು ಬಳಸಿ: ಎಳೆಯ, ಚಮಚಕ್ಕೆ ಕೆರೆಯಲು ಬರುವ ಗಂಜಿ 150 ಗ್ರಾಂ, ಬೊಂಡದ ನೀರನ್ನೇ ಐಸ್ ಮಾಡಿ 150 ಗ್ರಾಂ. ಗಂಜಿ ಬಲಿತು ತೆಂಗಿನಕಾಯಿಯಂತಾಗಿದ್ದರೆ ಎಷ್ಟು ಅರೆದರೂ ನುಣ್ಣಗಾಗದು.

ಹಾಲಿನ ಶೇಕಿನಲ್ಲೇ ಸಣ್ಣ ಹಳದಿ ಕಣಗಳು ಲೋಟದ ಅಂಚಿಗೆ ಅಂಟಿದ್ದರೆ ಅದು ಬೆಣ್ಣೆ. ಸಮೃದ್ಧಿ ಹಾಲು ಅಥವಾ ಕೆನೆ ಹಾಕಿ ಹೆಚ್ಚು ಹೊತ್ತು ಓಡಿಸಿದಿರಿ, ಶೇಕ್ ಬಿಸಿಯಾಗುತ್ತ 10-15 ಡಿಗ್ರಿಗೆ ಬಂತು, ಬೆಣ್ಣೆ ಏಳುವುದು ಆ ಬಿಸಿಗೇ. ಕೆನೆ ಹಾಕಲೇಬೇಕಿದ್ದರೆ ಕೊನೆಯ ಐದು ಸೆಕೆಂಡಿಗೆ ಹಾಕಿ.

ಮೀನಿನ ವಾಸನೆ

ಕರಾವಳಿಯ ಫ್ರೀಜರಿನಲ್ಲಿ ಬಂಗುಡೆಯೋ ಭೂತಾಯಿಯೋ ಇಲ್ಲದ ಮನೆ ಕಡಿಮೆ. ಹಾಲಿನ ಕೊಬ್ಬು ವಾಸನೆಯನ್ನು ಹೀರಿಕೊಳ್ಳುತ್ತದೆ, ತೆರೆದ ಟ್ರೇಯ ಐಸ್ ಹಾಲು ಒಂದೇ ರಾತ್ರಿಗೆ ಸಾಕ್ಷಿ ಹೇಳುತ್ತದೆ. ಪ್ಯಾಕೆಟನ್ನು ಒಡೆಯದೆ ಐಸ್ ಮಾಡುವುದರ ಇನ್ನೊಂದು ಲಾಭ ಇದೇ. ಹಣ್ಣಿನ ತುಂಡು ಕಟ್ಟಿದ ಮೇಲೆ ತಟ್ಟೆಯಿಂದ ತೆಗೆದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೀನನ್ನು ಇನ್ನೊಂದು ಡಬ್ಬಿಗೆ. ಫ್ರೀಜರ್ ಶುದ್ಧವಿದ್ದೂ ವಾಸನೆ ಬಂದರೆ ಮಿಕ್ಸಿ ಮುಚ್ಚಳದ ರಬ್ಬರನ್ನು ಮೂಸಿ ನೋಡಿ. ನಿನ್ನೆಯ ಮಸಾಲೆಯ ಬೆಳ್ಳುಳ್ಳಿ ಅಲ್ಲಿ ಅಡಗಿ ಕೂತಿರುತ್ತದೆ. ರಬ್ಬರ್ ಬಿಚ್ಚಿ ಬಿಸಿನೀರು, ಲಿಂಬೆ ಸಿಪ್ಪೆಯಲ್ಲಿ ಅರ್ಧ ಗಂಟೆ ನೆನೆಸಿ.

ಸಪ್ಪೆ ಎನಿಸಿದರೆ

ತಂಪಿನಲ್ಲಿ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಐಸ್ ಹಾಲು ಸೇರಿಸುವ ಮೊದಲು ರುಚಿ ನೋಡಿ, ಆಗ ಒಂದು ಹೆಜ್ಜೆ ಹೆಚ್ಚೇ ಸಿಹಿ ಇರಬೇಕು. ಲೋಟಕ್ಕೆ ಸುರಿದ ಮೇಲೆ ಸಕ್ಕರೆ ಉದುರಿಸಿ ಕಲಸಿದರೆ ಕರಗುವುದಿಲ್ಲ, ಕಲಸಿದಷ್ಟೂ ಶೇಕ್ ಇಳಿಯುತ್ತದೆ. ಆ ಹೊತ್ತಿಗೆ ಸಕ್ಕರೆ ಪಾಕ ಒಂದು ಚಮಚ ತಣ್ಣಗೆ ಇದ್ದರೆ ಉಪಯೋಗಕ್ಕೆ ಬರುತ್ತದೆ.

ಇಷ್ಟಾಗಿಯೂ ತೆಳ್ಳಗಾದ ಶೇಕಿಗೆ ಮತ್ತೆ ಐಸ್ ಹಾಕಿ ತಿರುಗಿಸಬೇಡಿ. ಪಪ್ಪಾಯಿಯದ್ದಲ್ಲದಿದ್ದರೆ ಕ್ಯಾಂಡಿ ಅಚ್ಚಿಗೆ ಸುರಿದು ಕಡ್ಡಿ ನೆಟ್ಟು ಫ್ರೀಜರಿಗಿಡಿ. ಸಂಜೆ ಮಕ್ಕಳು ಶಾಲೆಯಿಂದ ಬರುವಾಗ ಅದು ಐಸ್ ಕ್ಯಾಂಡಿ.